ಓಥೋನ ಕೆನ್ನೆಯ ಮೇಲಿನ ಉಳಿ ಗುರುತು

ರೋಮ್ ಚಕ್ರವರ್ತಿ ವೆಸ್ಪಾಸಿಯನ್‌ನಿಗೆ ಮುಂದಿನ ಹಲ್ಲುಗಳಿರಲಿಲ್ಲ ಎಂದು ನನಗೆ ಹೇಳಿದವರು ಸರ್ವಜ್ಞನಗರದಲ್ಲಿ, ನಮ್ಮ ಪಕ್ಕದ ಬೀದಿಯಲ್ಲಿ, ಹಲ್ಲುಸೆಟ್ ಮಾಡುತ್ತಿದ್ದ ಒಬ್ಬರು. ಇದಕ್ಕೆ ಯಾವ ಪುಸ್ತಕದಲ್ಲಿ ಆಧಾರವಿದೆ ಎಂದು ಕೇಳಿದೆ. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವರ ಬಾಯಿಗೆ ಈ ಪ್ರಶ್ನೆ ತಾನಾಗಿ ಬರುತ್ತದೆ. ಅವರು ಭೂತಗನ್ನಡಿಯನ್ನು ನನ್ನ ಕೈಗಿಟ್ಟು, ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

“ಪುಸ್ತಕ ಯಾಕೆ? ಬಾಯಿ ನೋಡಿ. ತುಟಿ ಒಳಗಡೆ ಹೋಗಿದೆ, ಗದ್ದ ಮೂಗಿನ ಕಡೆ ಎದ್ದಿದೆ. ಇಂಥ ಬಾಯಿಗಳಿಗೆ ಜೀವಮಾನ ಪೂರ್ತಿ ಸೆಟ್ ಮಾಡಿದ್ದೀನಿ.”

ನೋಡಿದೆ. ತುಟಿ ಒಳಗೆ ಹೋಗಿತ್ತು, ಗದ್ದ ಎದ್ದಿತ್ತು. ಹಲ್ಲಿರಲಿಲ್ಲವೆಂಬುದು ಅದರಿಂದ ಸಾಬೀತಾಗುವುದಿಲ್ಲ ಎಂದೆ. ಅವರು ಒಳಕ್ಕೆ ಕೇಳುವಂತೆ ಹೆಂಡತಿಗೆ, ಈ ಪೇಪರ್‌ನೋರಿಗೆ ಕಾಫಿ ಕೊಡು, ಇಲ್ಲಾಂದ್ರೆ ಇವರು ಕಾಫಿಗೂ ಆಧಾರ ಕೇಳ್ತಾರೆ ಎಂದರು.

ನಮ್ಮ ಪರಿಚಯವಾದದ್ದು ಒಂದು ತಿದ್ದುಪಡಿಯ ಮೂಲಕ. ಪತ್ರಿಕೆಯಲ್ಲಿ ರೋಮನ್ ನಾಣ್ಯವೊಂದರ ಚಿತ್ರ ಬಂದಿತ್ತು. ಅಡಿಬರಹದಲ್ಲಿ ಚಿನ್ನದ ನಾಣ್ಯ ಎಂದಿತ್ತು. ನಾನು ಆ ಪತ್ರಿಕೆಯವನೆಂದು ಬೇಕರಿಯವನಿಂದ ತಿಳಿದಿದ್ದ ಅವರು, ಬನ್ ಕೊಳ್ಳಲು ನಿಂತಿದ್ದ ನನ್ನ ಮುಂದೆ ಮಡಿಸಿದ ಹಾಳೆ ಹಿಡಿದು, ಇದು ಬೆಳ್ಳಿ ಸಾರ್, ದಿನಾರಿಯಸ್, ಎಂದರು. ವಿಚಾರಿಸಿದಾಗ ಅವರು ಹೇಳಿದ್ದೇ ಸರಿಯಿತ್ತು. ಮರುದಿನ ಒಳಪುಟದಲ್ಲಿ ಎರಡು ಸಾಲು ತಿದ್ದುಪಡಿ ಹೋಯಿತು. ಆ ಎರಡು ಸಾಲನ್ನು ಓದಿದ ಏಕೈಕ ಓದುಗರು ಬಹುಶಃ ಅವರೇ. ಅಂದಿನಿಂದ ನನ್ನ ವಾರದ ರಜೆಯ ಬೆಳಗು ಅವರ ಮನೆಯ ಮುಂಗೋಣೆಯಲ್ಲಿ ಕಳೆಯತೊಡಗಿತು.

ಆ ಮುಂಗೋಣೆಯೇ ಅವರ ಕೆಲಸದ ಕೋಣೆಯಾಗಿತ್ತು. ಪುಲಿಕೇಶಿನಗರ, ರಿಚರ್ಡ್ಸ್ ಟೌನ್‌ಗಳ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವರು ಅದರಿಂದ ಗಾರೆಯ ದವಡೆ ಎರಕ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಕೊನೆಗೆ ಸೆಟ್ ಕಟ್ಟಿ ಕೊಡುತ್ತಿದ್ದರು. ಪೂರ್ವದ ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಬಿಳಿ ಪುಡಿ, ಗೋಡೆಯಲ್ಲಿ ಬುದ್ಧನ ಒಂದು ಪಟ, ಅದರ ಪಕ್ಕ ಔಷಧದ ಅಂಗಡಿ ಕೊಟ್ಟ ಕ್ಯಾಲೆಂಡರ್. ಅವರ ಹಿರಿಯರು ಹಲಸೂರಿನವರು. ಬೀದಿಯವರೆಲ್ಲ ಅವರನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ತಿದ್ದಿ ತಿದ್ದಿ, ಯಾವುದೋ ಒಂದು ಹಂತದಲ್ಲಿ ಬಿಟ್ಟುಬಿಟ್ಟಿದ್ದರು.

ನಾಣ್ಯಗಳನ್ನು ಅವರು ಹಲ್ಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹಿಂದೆ ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳು ಬರುತ್ತಿದ್ದ ಮರದ ಪೆಟ್ಟಿಗೆ. ಒಳಗೆ ನೀಲಿ ಬಟ್ಟೆ ಹೊದಿಸಿದ ಗುಳಿಗಳು. ದಿನಾರಿಯಸ್ ಈಗಿನ ಒಂದು ರೂಪಾಯಿಗಿಂತ ಕೊಂಚ ಚಿಕ್ಕದು, ಅದಕ್ಕಿಂತ ದಪ್ಪ, ಪೂರ್ತಿ ದುಂಡಗಿರುವುದಿಲ್ಲ. ಕೈಯಲ್ಲಿ ಬಡಿದು ಮಾಡಿದ್ದರಿಂದ ಒಂದೊಂದರ ಅಂಚೂ ಒಂದೊಂದು ಥರ. ಅವರ ಬಳಿ ಇದ್ದದ್ದು ಕೆಲವೇ. ಸಂಗ್ರಹಕಾರರು ಸಾಮಾನ್ಯವಾಗಿ ರೋಮಿನ ಮೊದಲ ದೊರೆಗಳಾದ ಹನ್ನೆರಡು ಮಂದಿ ಸೀಸರರನ್ನು ಸಾಲಾಗಿ ಕೂಡಿಸಲು ನೋಡುತ್ತಾರಂತೆ. ಇವರಿಗೆ ಅಷ್ಟು ದೊಡ್ಡ ಆಸೆ ಇರಲಿಲ್ಲ. ಇವರಿಗೆ ಬೇಕಾಗಿದ್ದದ್ದು ಒಂದೇ ಒಂದು ವರ್ಷ, ಕ್ರಿಸ್ತಶಕ ಅರವತ್ತೊಂಬತ್ತು.

ಆ ಒಂದು ವರ್ಷದಲ್ಲಿ ರೋಮ್ ನಾಲ್ವರು ಚಕ್ರವರ್ತಿಗಳನ್ನು ಕಂಡಿತು. ನೀರೋ ಸತ್ತ ಮೇಲೆ ಬಂದ ಮುದುಕ ಗಾಲ್ಬಾನನ್ನು ಓಥೋನ ಕಡೆಯವರು ಕೊಂದರು. ಓಥೋ ಮೂರು ತಿಂಗಳು ಆಳಿ, ಯುದ್ಧದಲ್ಲಿ ಸೋತು, ತನ್ನನ್ನು ತಾನೇ ಇರಿದುಕೊಂಡ. ಅವನ ಜಾಗಕ್ಕೆ ಬಂದ ವಿಟೆಲಿಯಸ್‌ನನ್ನು ವರ್ಷ ಮುಗಿಯುವುದರೊಳಗೆ ಬೀದಿಯಲ್ಲಿ ಎಳೆದಾಡಿ ಕೊಂದರು. ಕೊನೆಗೆ ಉಳಿದವನು ಹಲ್ಲಿಲ್ಲದ, ಅಥವಾ ನಮ್ಮ ನೆರೆಯವರ ಪ್ರಕಾರ ಹಲ್ಲಿಲ್ಲದ, ವೆಸ್ಪಾಸಿಯನ್.

ಪ್ರತಿಯೊಬ್ಬನೂ ಪಟ್ಟಕ್ಕೆ ಬಂದ ಕೂಡಲೇ ತನ್ನ ಮುಖದ ನಾಣ್ಯ ಅಚ್ಚು ಹಾಕಿಸಿದ. ಟಂಕಸಾಲೆಯವರ ಪಾಡನ್ನು ಕೇಳಿದಾಗ ನನಗೆ ನಮ್ಮ ಮುಖಪುಟ ನೆನಪಾಯಿತು. ಪುಟ ಕಟ್ಟಿ ಮುಗಿಯುವ ಹೊತ್ತಿಗೆ ಸುದ್ದಿ ಬದಲಾಗುತ್ತದೆ. ಹೊಸ ಮುಖ ಬೇಕು, ಚಿತ್ರ ಇರುವುದಿಲ್ಲ. ದೂರದ ಪ್ರಾಂತ್ಯಗಳಲ್ಲಿ ಅಚ್ಚು ಕೆತ್ತುವವರು ಹೊಸ ಚಕ್ರವರ್ತಿಯನ್ನು ನೋಡಿರುತ್ತಿರಲಿಲ್ಲ, ಅಂದಾಜಿನ ಮೇಲೆ ಒಂದು ಮುಖ ಕೆತ್ತುತ್ತಿದ್ದರು ಎಂದು ಅವರು ಹೇಳಿದಾಗ, ನಾವು ಅದನ್ನು ಸಂಗ್ರಹ ಚಿತ್ರ ಎನ್ನುತ್ತೇವೆ ಎಂದೆ.

ಪೆಟ್ಟಿಗೆಯಲ್ಲಿ ನಾಲ್ವರಲ್ಲಿ ಮೂವರಿದ್ದರು. ಗಾಲ್ಬಾನ ಗಿಣಿಮೂಗು, ವಿಟೆಲಿಯಸ್‌ನ ಕತ್ತಿಗೆ ಕೂಡಿಕೊಂಡ ಗದ್ದ, ವೆಸ್ಪಾಸಿಯನ್‌ನ ಬಾಯಿ. ಒಂದು ಗುಳಿ ಖಾಲಿ. ಅದು ಓಥೋನದು. ಆಳಿದ್ದು ಮೂರೇ ತಿಂಗಳಾದ್ದರಿಂದ ಅವನ ನಾಣ್ಯ ಕಡಿಮೆ. ಕಡಿಮೆಯಾದ್ದರಿಂದ ನಕಲಿ ಹೆಚ್ಚು. ಅವನ ಬಗ್ಗೆ ನೆರೆಯವರಿಗೆ ಇದ್ದ ಆಸಕ್ತಿಗೆ ಇನ್ನೊಂದು ಕಾರಣವೂ ಇತ್ತು. ಓಥೋಗೆ ಬೋಳು ತಲೆ. ಅವನು ವಿಗ್ ಹಾಕುತ್ತಿದ್ದ. ಎಷ್ಟು ಚೆನ್ನಾಗಿ ಕೂರುತ್ತಿತ್ತೆಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಆ ಕಾಲಕ್ಕೆ ಹತ್ತಿರದವರು ಬರೆದಿದ್ದಾರಂತೆ.

“ಚಕ್ರವರ್ತಿಗಳಲ್ಲಿ ನಮ್ಮ ಕಸುಬಿಗೆ ಹತ್ರದೋನು ಅವನೊಬ್ಬನೇ,” ಎಂದು ಅವರು ಹೇಳುತ್ತಿದ್ದರು. “ಫಿಟ್ಟಿಂಗ್ ಹೆಂಗಿದೆ ಅಂತ ಒಂದ್ಸಲ ನೋಡ್ಬೇಕು.”

ಅವರ ಹೆಂಡತಿ ಈ ನಾಣ್ಯಗಳನ್ನು ತಲೆಗಳು ಎಂದು ಕರೆಯುತ್ತಿದ್ದರು. ನಿಮ್ಮ ತಲೆಗಳನ್ನ ಎತ್ತಿಡಿ, ಊಟಕ್ಕೆ ಜಾಗ ಬೇಕು. ಅವರು ಕೋಪದಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಪೆಟ್ಟಿಗೆಯಲ್ಲಿ ಈ ನಾಲ್ವರಿಗೆ ಸೇರದ ಇನ್ನೊಂದು ನಾಣ್ಯವೂ ಇತ್ತು. ಅವರು ಮೊದಲು ಕೊಂಡದ್ದು ಅದನ್ನೇ. ಇನ್ನೂ ಹಿಂದಿನ ಕಾಲದ ಚಕ್ರವರ್ತಿ ಟೈಬೀರಿಯಸ್‌ನದು. ಕಲ್ಯಾಣ ಮಂಟಪವೊಂದರಲ್ಲಿ ನಡೆದ ನಾಣ್ಯ ಪ್ರದರ್ಶನದಲ್ಲಿ ಬೇರೆಯವರು ಬೇಡವೆಂದು ಬಿಟ್ಟದ್ದು, ಏಕೆಂದರೆ ಟೈಬೀರಿಯಸ್‌ನ ಮುಖಕ್ಕೆ ಕಿವಿಯಿಂದ ಗದ್ದದವರೆಗೆ ಉಳಿಯ ಏಟು ಬಿದ್ದಿತ್ತು. ಆ ಕಾಲದಲ್ಲಿ ಸಮುದ್ರ ದಾಟಿ ನಮ್ಮ ಕಡೆಗೆ ಬಂದ ಕೆಲವು ರೋಮನ್ ನಾಣ್ಯಗಳ ಮೇಲೆ ಇಂಥ ಗುರುತು ಇರುತ್ತದೆ. ಹಳೆಯ ವಿಮಾನ ನಿಲ್ದಾಣದ ಕಡೆ ನೆಲ ಅಗೆದಾಗ ಕುಡಿಕೆಯಲ್ಲಿ ರೋಮನ್ ಬೆಳ್ಳಿ ಸಿಕ್ಕಿದ್ದನ್ನು ಬೆಂಗಳೂರಿನ ಹಳಬರು ಬಲ್ಲರು. ಉಳಿ ಯಾಕೆ ಹಾಕಿದರೆಂಬುದಕ್ಕೆ ತಿಳಿದವರಲ್ಲೇ ಒಮ್ಮತವಿಲ್ಲ. ಒಳಗೆ ತಾಮ್ರವಿಟ್ಟು ಮೇಲೆ ಬೆಳ್ಳಿ ಹೊದಿಸಿದ ಕಳ್ಳ ನಾಣ್ಯಗಳು ಆಗಲೂ ಇದ್ದವು, ಹಾಗಾಗಿ ಇಲ್ಲಿನ ವ್ಯಾಪಾರಿಗಳು ಕಡಿದು ನೋಡುತ್ತಿದ್ದರು ಎನ್ನುವುದು ಒಂದು ಅಭಿಪ್ರಾಯ. ನೆರೆಯವರು ಆ ಅಭಿಪ್ರಾಯದವರು. ಟೈಬೀರಿಯಸ್‌ನ ಕಡಿತದ ಒಳಗೂ ಬೆಳ್ಳಿಯೇ ಇತ್ತು.

ಅವರ ಕಣ್ಣಿನ ತೊಂದರೆ ಶುರುವಾದದ್ದು ಬಾಗಿಲಿನ ಚೌಕಟ್ಟಿನಿಂದ. ಒಂದು ಬೆಳಿಗ್ಗೆ ಅದು ನಡುವೆ ಬಾಗಿದಂತೆ ಕಂಡಿತು. ಗೆದ್ದಲು ಹಿಡಿಯಿತೆಂದು ಬಡಗಿಯನ್ನು ಕರೆಸಿದರು. ಬಡಗಿ ಕೈಯಾಡಿಸಿ, ಸರಿಯಾಗಿಯೇ ಇದೆ ಸಾರ್ ಎಂದು ಹೋದ. ಆಮೇಲೆ ಮೇಣದಲ್ಲಿ ಜೋಡಿಸಿದ ಹಲ್ಲಿನ ಸಾಲು ಬಾಗಿ ಕಾಣತೊಡಗಿತು. ಎರಡು ಸೆಟ್‌ಗಳು ವೈದ್ಯರಿಂದ ವಾಪಸು ಬಂದವು. ಕಣ್ಣಿನ ಆಸ್ಪತ್ರೆಯಲ್ಲಿ, ಒಳಪರದೆಯ ನಡುಭಾಗ ಸವೆಯುವ ಕಾಯಿಲೆ, ಹೋದದ್ದು ಮರಳುವುದಿಲ್ಲ, ಚುಚ್ಚುಮದ್ದಿನಿಂದ ನಿಧಾನ ಮಾಡಬಹುದು ಎಂದರು.

ಅವರು ನನಗೆ ಈ ಸುದ್ದಿ ಹೇಳಿದ್ದು ನಾಣ್ಯದ ಭಾಷೆಯಲ್ಲಿ. “ಅಂಚು ಉಳಿಯುತ್ತಂತೆ. ಮುಖ ಹೋಗುತ್ತಂತೆ,” ಎಂದರು. ಆಗ ಗಾಲ್ಬಾ ಅವರ ಕೈಯಲ್ಲಿದ್ದ. ಸುತ್ತಲಿನ ಅಕ್ಷರಗಳು ಮಸುಕಾಗಿಯಾದರೂ ಇವೆ, ನಡುವೆ ಹೊಗೆ ಕೂತಹಾಗಿದೆ, ಮೂಗಿನ ತುದಿ ಮಾತ್ರ ಹೊಗೆಯಿಂದ ಈಚೆ ಬಂದಿದೆ ಎಂದು ವಿವರಿಸಿದರು. ಕೆಲಸ ನಿಲ್ಲಿಸಿದರು. ಉಪಕರಣಗಳನ್ನು ಪುಲಿಕೇಶಿನಗರದ ಒಬ್ಬ ಹೊಸಬರಿಗೆ ಕೊಟ್ಟರು. ಮೇಜನ್ನು ಮಾತ್ರ ಉಳಿಸಿಕೊಂಡರು.

ಅಂದಿನಿಂದ ಓಥೋನ ಹುಡುಕಾಟಕ್ಕೆ ಅವಸರ ಬಂತು. ಮೊದಲು ಸಿಕ್ಕಾಗ ಸಿಗಲಿ ಎನ್ನುತ್ತಿದ್ದವರು, ಈಗ ಶಿವಾಜಿನಗರದ ಗುಜರಿ ಅಂಗಡಿಗಳಿಗೂ ಹೇಳಿ ಬಂದರು: ರಾಜ–ರಾಣಿ, ಬ್ರಿಟಿಷರದು ಬೇಡ; ಯಾರದೆಂದು ಗುರುತು ಸಿಗದ ತಲೆ ಬಂದರೆ ಫೋನ್ ಮಾಡಿ. ಅವರ ಹೆಂಡತಿ ಒಮ್ಮೆ ನನ್ನನ್ನು ಗೇಟಿನವರೆಗೆ ಕಳಿಸಲು ಬಂದವರು, ಬೇರೆ ಏನೂ ಕೇಳಲ್ಲ ಇವರು, ಟೀವಿ ಬೇಡ, ಮದುವೆ–ಮುಂಜಿ ಬೇಡ, ಆ ಒಂದು ಮುಖ ಕಣ್ಣಲ್ಲಿ ನೋಡಿಬಿಟ್ಟರೆ ಸಾಕು ಅಂತಾರೆ ಎಂದರು. ಆ ಹೊತ್ತಿಗೆ ನೆರೆಯವರು ನಾಣ್ಯ ಪ್ರದರ್ಶನಗಳಲ್ಲಿ ತಮಗೆ ತೋರಿಸಿದ ಓಥೋಗಳನ್ನೆಲ್ಲ ನಕಲಿ ಎಂದು ತಿರಸ್ಕರಿಸಿದ್ದರು. ಎರಕ ಹೊಯ್ದ ಲೋಹದಲ್ಲಿ ಗಾಳಿ ಸಿಕ್ಕಿ ಸೂಜಿಮೊನೆಯಷ್ಟು ತೂತು ಉಳಿಯುತ್ತವೆ; ಬಡಿದು ಮಾಡಿದ್ದರಲ್ಲಿ ಅವಿರುವುದಿಲ್ಲ. ಎರಕವೇ ಅವರ ಕೆಲಸವಾಗಿತ್ತಾದ್ದರಿಂದ ಒಂದು ನೋಟಕ್ಕೆ ಹಿಡಿಯುತ್ತಿದ್ದರು. ಕೊನೆಕೊನೆಗೆ ಹಿಡಿಯಲಾಗದೆ, ಅನುಮಾನ ಬಂದದ್ದನ್ನೂ ಬೇಡ ಎಂದರು.

ಗುಜರಿಯವರಿಂದ ಫೋನ್ ಬಂದಾಗ ನನಗೆ ರಜೆ. ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು, ಮೆಟ್ರೊ ಕೆಲಸಕ್ಕೆ ನಿಲ್ಲಿಸಿದ ತಗಡುಗಳ ಪಕ್ಕದಲ್ಲಿ ನುಸುಳಿ, ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಹೋದೆ. ಅಂಗಡಿಯವರು ವಯಸ್ಸಾದ ಸಾಹೇಬರು. ರಿಚರ್ಡ್ಸ್ ಟೌನಿನಲ್ಲಿ ಒಂದು ಹಳೆಯ ಮನೆ ಕೆಡವಿದರು, ಅಪಾರ್ಟ್‌ಮೆಂಟ್ ಬರುತ್ತದೆ, ಅಲ್ಲಿನ ಸಾಮಾನಿನಲ್ಲಿ ಬಂತು ಎಂದು ಬಿಸ್ಕತ್ತಿನ ಡಬ್ಬಿಯೊಂದನ್ನು ಮುಂದೆ ತಳ್ಳಿದರು. ಡಬ್ಬಿಯ ತುಂಬ ಸೈನ್ಯದ ಗುಂಡಿಗಳು, ಟೋಪಿಯ ಬಿಲ್ಲೆಗಳು. ಯುದ್ಧಕ್ಕೆ ಹೋದ ಯಾರೋ ಇಟಲಿಯಿಂದಲೋ ಈಜಿಪ್ಟಿನಿಂದಲೋ ತಂದಿರಬಹುದು. ಇದು ನನ್ನ ಊಹೆ. ಆ ಮನೆಯವರು ಯಾರೆಂದು ಸಾಹೇಬರಿಗೂ ಗೊತ್ತಿರಲಿಲ್ಲ.

“ಇದು ಗುಂಡಿ ಅಂತ ಅಂದ್ಕೊಂಡಿದ್ದೆ ಸಾಬ್. ಹಿಂದೆ ಕೊಂಡಿ ಇಲ್ಲ, ತಲೆ ಇದೆ. ನಿಮ್ದೇ ಇರ್ಬೇಕು ಅಂತ ಫೋನ್ ಮಾಡ್ದೆ.”

ಕಪ್ಪಗೆ, ಮಸಿ ಹಿಡಿದ ಬಿಲ್ಲೆ. ನೆರೆಯವರು ಅದನ್ನು ಅಂಚಿನಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು, ದೂರ ಮಾಡಿ, ಕೊನೆಗೆ ನನ್ನ ಕೈಗೆ ಕೊಟ್ಟರು. “ಹೇಳಿ,” ಎಂದರು. “ಇರೋದನ್ನ ಮಾತ್ರ ಹೇಳಿ.”

ಇರುವುದನ್ನು ಮಾತ್ರ ಹೇಳುವುದು ನನಗೆ ಗೊತ್ತಿರುವ ಕೆಲಸ. ಬಲಕ್ಕೆ ತಿರುಗಿದ ಗಂಡಸಿನ ತಲೆ. ಗಡ್ಡವಿಲ್ಲ. ಕತ್ತು ದಪ್ಪ. ತಲೆಯ ಮೇಲೆ ಎಲೆಗಳ ಕಿರೀಟವಿಲ್ಲ.

“ಕೂದ್ಲು?”

ಸಾಲುಸಾಲು ಎಂದೆ. ಅಲೆಅಲೆಯಾಗಿ, ಶಾವಿಗೆ ಒತ್ತಿ ಮಡಿಸಿಟ್ಟ ಹಾಗೆ.

“ಅಕ್ಷರ?”

ಭೂತಗನ್ನಡಿ ಹಿಡಿದು ಓದಿದೆ. ಮೊದಲ ಕೆಲವು ಅಕ್ಷರ ಸವೆದಿದ್ದವು. ಆಮೇಲಿನವು ಒಂದೊಂದಾಗಿ ಬಂದವು: ಓ, ಟಿ, ಎಚ್, ಓ.

ಸಾಹೇಬರು ಹೇಳಿದ ಬೆಲೆಯನ್ನು ನೆರೆಯವರು ಚೌಕಾಸಿ ಮಾಡದೆ ಕೊಟ್ಟರು. ಸಾಹೇಬರಿಗೆ ಅದು ಸರಿಬರಲಿಲ್ಲ. ಗಿರಾಕಿ ಚೌಕಾಸಿ ಮಾಡದಿದ್ದರೆ ಅಂಗಡಿಯವನು ಮೋಸ ಹೋದಂತೆ ಎಂಬ ಮುಖ ಮಾಡಿಕೊಂಡು ನಮಗೆ ಚಹಾ ತರಿಸಿದರು, ಕುಡಿಯುವವರೆಗೂ ನಮ್ಮಿಬ್ಬರ ಮುಖ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ನಿಜವಾದ ತನಿಖೆ ಶುರುವಾಯಿತು. ಅವರು ಕೇಳುವುದು, ನಾನು ನೋಡಿ ಹೇಳುವುದು. ಅಂಚಿನ ಸುತ್ತ, ಎರಕದ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಇದೆಯೇ? ಕಾಣುವುದಿಲ್ಲ. ಕಿವಿಯ ಒಳಗೆ, ಕೂದಲಿನ ಸಂದಿಯಲ್ಲಿ ಸೂಜಿತೂತು? ಕಪ್ಪಿನಲ್ಲಿ ಹೇಳಲು ಆಗುವುದಿಲ್ಲ. ಹಿಂದುಗಡೆ? ನಿಂತ ಹೆಂಗಸು, ಒಂದು ಕೈಯಲ್ಲಿ ಹೂಮಾಲೆಯಂಥದು, ಇನ್ನೊಂದರಲ್ಲಿ ಕೋಲು. ಅದು ರೋಮ್ ಜನರ ಸುರಕ್ಷತೆ ಎಂದು ಅವರು ಅರ್ಥ ಹೇಳಿದರು. ಮೂರು ತಿಂಗಳು ಆಳಿ ಸತ್ತವನ ನಾಣ್ಯದ ಹಿಂದೆ ಸುರಕ್ಷತೆ. ಪತ್ರಿಕೆಯಲ್ಲಾಗಿದ್ದರೆ ಎರಡನೆಯ ಆವೃತ್ತಿಗೆ ತೆಗೆಯಬೇಕಾಗಿದ್ದ ಶೀರ್ಷಿಕೆ.

ಕೊನೆಗೆ ಅವರು ನೇರವಾಗಿ ಕೇಳಿದರು: “ಅಸಲಿನಾ?”

ಗೊತ್ತಿಲ್ಲ ಎಂದೆ. ಅಸಲಿ ಎಂದಿದ್ದರೆ ಅವರು ಆ ದಿನ ಸುಖವಾಗಿ ಮಲಗುತ್ತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲದ್ದನ್ನು ಹೇಳಲಾಗಲಿಲ್ಲ. ನೆರೆಯವರು ತಲೆಯಾಡಿಸಿ, ಸರಿ, ಮೊದಲು ತೂಕ ನೋಡೋಣ ಎಂದರು. ಎರಕದ ನಕಲಿಗಳ ತೂಕ ಸಾಮಾನ್ಯವಾಗಿ ತಪ್ಪಿರುತ್ತದೆ.

ತೂಕಕ್ಕೆ ಅವರು ನಂಬುವುದು ಹಲಸೂರಿನ ಬಜಾರಿನ ಒಬ್ಬ ಬೆಳ್ಳಿ ಅಂಗಡಿಯವರನ್ನು. ಹಿಂದೆ ಎರಕಕ್ಕೆ ಬೇಕಾದ ಬೆಳ್ಳಿಯನ್ನು ಅಲ್ಲೇ ಕೊಳ್ಳುತ್ತಿದ್ದರು, ಮುರಿದ ಹಳೆಯ ಹಲ್ಲಿನ ಲೋಹವನ್ನು ಅಲ್ಲೇ ಕೊಡುತ್ತಿದ್ದರು. ಆ ಅಂಗಡಿಯ ಪದ್ಧತಿಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು.

ಹಳೆಯ ಬೆಳ್ಳಿ ಯಾವುದೇ ಬರಲಿ, ಕಾಲುಗೆಜ್ಜೆ, ದೀಪದ ತುಂಡು, ಒಡೆದ ಕುಂಕುಮದ ಬಟ್ಟಲು, ಅಂಗಡಿಯವರು ಮೊದಲು ತೂಗುತ್ತಾರೆ. ತೂಗಿದ ಮೇಲೆ ಅದನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸಣ್ಣ ಉಳಿಯಿಂದ ಒಂದು ಏಟು ಹಾಕುತ್ತಾರೆ. ಒಳಗೆ ಏನಿದೆಯೆಂದು ನೋಡುವುದಕ್ಕೆ. ಅವರ ತಂದೆಯೂ ಹಾಗೇ ಮಾಡುತ್ತಿದ್ದರು. ತೂಕಕ್ಕೂ ಏಟಿಗೂ ನಡುವೆ ಮಾತಿಲ್ಲ, ಕೇಳುವುದಿಲ್ಲ. ಕಡಿಯುವುದು ಬೇಡವೆಂದರೆ ಗಿರಾಕಿ ತಕ್ಕಡಿಯಿಂದ ಇಳಿದ ವಸ್ತುವಿನ ಮೇಲೆ ಅಂಗೈ ಇಡಬೇಕು. ಅಂಗೈ ಬಿತ್ತೆಂದರೆ ಅಂಗಡಿಯವರು ಉಳಿ ಮುಟ್ಟುವುದಿಲ್ಲ, ಬೇಸರಪಡುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ನಮ್ಮ ನೆರೆಯವರು ಇಷ್ಟು ವರ್ಷ ಅಲ್ಲಿ ಹೋಗಿ ಬಂದವರು. ತಮ್ಮ ಟೈಬೀರಿಯಸ್, ಗಾಲ್ಬಾ ಎಲ್ಲರನ್ನೂ ಅಲ್ಲೇ ತೂಗಿಸಿದ್ದರು. ಪ್ರತಿ ಸಲವೂ ತಕ್ಕಡಿಯ ತಟ್ಟೆ ಇಳಿಯುತ್ತಲೇ ಅವರ ಅಂಗೈ ಹೋಗುತ್ತಿತ್ತು.

ಓಥೋನನ್ನು ತೂಗಿಸಲು ಹೋದ ಬೆಳಿಗ್ಗೆ ನಾನು ಸ್ಕೂಟರನ್ನು ಅಂಗಡಿಯ ಮುಂದೆಯೇ ನಿಲ್ಲಿಸಿದ್ದೆ. ನೀರಿನ ಕ್ಯಾನುಗಳ ಒಂದು ಟೆಂಪೊ ಹಿಂದೆ ಬಂದು ಹಾರನ್ ಹೊಡೆಯಿತು. ತೆಗೆದು ಆಚೆ ನಿಲ್ಲಿಸಲು ಇಳಿದೆ. ಒಳಗಿನಿಂದ ಒಂದು ಏಟಿನ ಸದ್ದು ಕೇಳಿತು. ಒಂದೇ.

ಆಮೇಲೆ ಇಬ್ಬರೂ ಹೇಳಿದ್ದನ್ನು ಸೇರಿಸಿದರೆ ಆದದ್ದು ಇಷ್ಟು. ಅಂಗಡಿಗೆ ಹೊಸ ತಕ್ಕಡಿ ಬಂದಿತ್ತು, ಕೆಂಪು ಅಂಕಿಗಳದು. ನೆರೆಯವರು ಕತ್ತು ವಾರೆ ಮಾಡಿ ಆ ಅಂಕಿಗಳನ್ನು ಕಣ್ಣಂಚಿನಲ್ಲಿ ಓದಲು ಯತ್ನಿಸುತ್ತಿದ್ದರು. ಮೂರು ಗ್ರಾಮಿನ ಮೇಲೆ ಚಿಲ್ಲರೆ. ಸವೆದ ದಿನಾರಿಯಸ್‌ಗೆ ಇರಬೇಕಾದಷ್ಟೇ. ಆ ಅಂಕಿ ಅವರಿಗೆ ಸಿಕ್ಕಿತು, ಅವರು ಸಂತೋಷದಿಂದ ಅದನ್ನು ಎರಡನೆಯ ಸಲ ಓದುತ್ತಿದ್ದರು. ಅಷ್ಟರಲ್ಲಿ ನಾಣ್ಯ ತಟ್ಟೆಯಿಂದ ಇಳಿದು ಅಡಿಗಲ್ಲಿನ ಮೇಲೆ ಕೂತಿತ್ತು. ಕೂತದ್ದು ಅವರ ಮುಖದ ನೇರ ಎದುರಿಗೆ, ಅಂದರೆ ಅವರಿಗೆ ಏನೂ ಕಾಣದ ಜಾಗದಲ್ಲಿ. ಅಂಗಡಿಯವರು ಅಂಗೈಗೆ ಒಂದು ಕ್ಷಣ ಕಾದರು. ಬರಲಿಲ್ಲ. ಉಳಿ ಎತ್ತಿದರು.

ನಾನು ಒಳಗೆ ಬಂದಾಗ ಅಂಗಡಿಯವರು ನಾಣ್ಯವನ್ನು ನೆರೆಯವರ ಕಡೆ ಚಾಚಿ, ಒಳ್ಳೆಯ ಸುದ್ದಿ ಕೊಡುವ ಧ್ವನಿಯಲ್ಲಿ ಹೇಳುತ್ತಿದ್ದರು.

“ಪೂರ್ತಿ ಬೆಳ್ಳಿ ಡಾಕ್ಟ್ರೇ. ತಾಮ್ರ ಇಲ್ಲ. ನೋಡಿ, ಒಳಗೂ ಬೆಳ್ಳಗಿದೆ.”

ನೆರೆಯವರು ಹೆಬ್ಬೆರಳಿನಿಂದ ತಡವಿದರು. ಬೆರಳು ಕಡಿತದ ಮೇಲೆ ನಿಂತಿತು. ನಾನು ನೋಡಿದೆ: ಓಥೋನ ಕಿವಿಯ ಮುಂದಿನಿಂದ ಕೆನ್ನೆಯ ಅರ್ಧದವರೆಗೆ, ಕಪ್ಪಿನ ನಡುವೆ ಬಿಳಿಯ ಗೆರೆ.

“ಕೈ ಇಡ್ಲಿಲ್ವಲ್ಲಾ ನೀವು,” ಎಂದರು ಅಂಗಡಿಯವರು. ಅವರ ಧ್ವನಿ ಈಗ ಇಳಿದಿತ್ತು.

“ಇಡ್ಲಿಲ್ಲ,” ಎಂದರು ನೆರೆಯವರು. “ನಿಮ್ ತಪ್ಪಲ್ಲ. ನಂಗೆ ಕಾಣ್ಲಿಲ್ಲ.”

ಕಣ್ಣಿನ ವಿಷಯ ಅಂಗಡಿಯವರಿಗೆ ತಿಳಿದದ್ದು ಆಗಲೇ. ಅವರು ಉಳಿಯನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟರು. ಬೆಸುಗೆ ಹಾಕಿ ಮುಚ್ಚಿ ಕೊಡಲೇ ಎಂದು ಕೇಳಿದರು. ಬೇಡ ಎಂದಾಯಿತು. ವಾಪಸು ಬರುವಾಗ ಹಲಸೂರು ಕೆರೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಅವರು, ತೂಕ ಮಾತ್ರ ಸರಿ ಇತ್ತು ಅಲ್ವಾ ಎಂದರು. ಹೌದು ಎಂದೆ.

ಮನೆಯಲ್ಲಿ ಅವರ ಹೆಂಡತಿ ನಾಣ್ಯವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತಲೆಗಳ ಬಗ್ಗೆ ಹಾಸ್ಯ ಮಾಡುತ್ತಿದ್ದವರು ಆ ದಿನ ಮಾಡಲಿಲ್ಲ.

“ಅಷ್ಟು ಜಾಗ ಇತ್ತು. ಮುಖಕ್ಕೇ ಹಾಕ್ಬೇಕಿತ್ತೇನ್ರೀ?” ಎಂದರು.

“ಟೈಬೀರಿಯಸ್‌ಗೂ ಮುಖಕ್ಕೇ ಹಾಕಿದ್ರು ಕಣೆ. ಇಲ್ಲಿಯೋರು ಮುಂಚಿಂದ್ಲೂ ಹಂಗೇ.”

ಹೇಳಿದ್ದು ತಮಾಷೆಯಂತೆ. ಆದರೆ ನಾಣ್ಯವನ್ನು ಪೆಟ್ಟಿಗೆಯ ಖಾಲಿ ಗುಳಿಗೆ ಹಾಕಲಿಲ್ಲ. ಮೇಜಿನ ಮೂಲೆಯಲ್ಲಿ, ಹತ್ತಿಯ ಮೇಲೆ ಇಟ್ಟರು. ಮುಂದಿನ ಕೆಲವು ವಾರ ಅದು ಅಲ್ಲೇ ಇತ್ತು. ನಾನು ಹೋದಾಗ ನಾವು ಬೇರೆ ವಿಷಯ ಮಾತಾಡಿದೆವು. ಮುಖವನ್ನು ನೋಡದೆ ಗುಳಿ ತುಂಬುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ. ಅವರ ಹೆಂಡತಿ ಹೇಳಿದರು. ನಾಣ್ಯದ ಫೋಟೊಗಳನ್ನು ನಾನು ಮುಂಬೈಯಲ್ಲಿರುವ, ಹಳೆಯ ನಾಣ್ಯ ಬಲ್ಲವರೊಬ್ಬರಿಗೆ ಕಳಿಸಿದ್ದೆ. ತೂಕ ಸರಿ, ಅಕ್ಷರಗಳ ರೀತಿ ಸರಿ, ಕೈಯಲ್ಲಿ ಹಿಡಿಯದೆ ಏನೂ ಹೇಳಲಾಗದು, ಯಾರು ಹೀಗೆ ಕಡಿದರು ಎಂದು ಅವರು ಕೇಳಿದ್ದರು. ಅದನ್ನು ಹಾಗೆಯೇ ಓದಿ ಹೇಳಿದೆ.

ಈ ನಡುವೆ ಕಣ್ಣಿನ ಆಸ್ಪತ್ರೆಯಲ್ಲಿ ಅವರಿಗೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ನೋಡಬೇಕಾದದ್ದನ್ನು ನೇರವಾಗಿ ನೋಡಬಾರದು. ಅದರ ಪಕ್ಕದ ಯಾವುದಾದರೂ ಗುರುತಿನ ಮೇಲೆ ದೃಷ್ಟಿ ನಿಲ್ಲಿಸಿದರೆ, ನೋಡಬೇಕಾದದ್ದು ಇನ್ನೂ ಸವೆಯದ ಭಾಗಕ್ಕೆ ಬೀಳುತ್ತದೆ. ಗಡಿಯಾರ, ಕ್ಯಾಲೆಂಡರಿನ ದೊಡ್ಡ ಅಂಕಿ ಇವುಗಳಲ್ಲಿ ಅವರು ಅದನ್ನು ರೂಢಿ ಮಾಡಿಕೊಂಡಿದ್ದರು. ನಾಣ್ಯಕ್ಕೆ ಅದು ನಡೆಯಲಿಲ್ಲ. ಕಪ್ಪು ಬಿಲ್ಲೆಯಲ್ಲಿ ದೃಷ್ಟಿ ನಿಲ್ಲಿಸಲು ಏನೂ ಇಲ್ಲ, ಜಾರಿಹೋಗುತ್ತದೆ ಎಂದಿದ್ದರು.

ಒಂದು ಬೆಳಿಗ್ಗೆ ನಾನು ಹೋದಾಗ ಅವರು ಕಿಟಕಿಯ ಮುಂದೆ ಕೂತು, ಆಸ್ಪತ್ರೆಯವರು ಕೊಟ್ಟ ದೀಪವಿರುವ ದೊಡ್ಡ ಭೂತಗನ್ನಡಿಯ ಕೆಳಗೆ ಓಥೋನನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಮಾತಾಡಿಸಿದೆ, ಕೈಯೆತ್ತಿ ಸುಮ್ಮನಿರಲು ಹೇಳಿದರು. ಕುರ್ಚಿ ಎಳೆದು ಕೂತೆ. ಬೀದಿಯಲ್ಲಿ ಹಳೇ ಪೇಪರ್ ಎಂದು ಕೂಗುತ್ತ ಗಾಡಿಯವನು ಹೋದ. ಅವರು ಕತ್ತನ್ನು ಬಲಕ್ಕೆ ವಾಲಿಸಿ, ನಾಣ್ಯವನ್ನು ಓರೆಯಾಗಿ ಬೆಳಕಿಗೆ ಹಿಡಿದು, ಹಾಗೇ ನಿಲ್ಲಿಸಿದರು. ನನ್ನ ಜಾಗದಿಂದ ಕೂಡ ಉಳಿಯ ಗೆರೆ ಹೊಳೆಯುವುದು ಕಾಣುತ್ತಿತ್ತು. ಹೊಸ ಬೆಳ್ಳಿ ಇನ್ನೂ ಕಪ್ಪಾಗಿರಲಿಲ್ಲ.

“ಈ ಗೆರೆ ಕಾಣ್ತಿದೆ,” ಎಂದರು. “ಇದರ ತುದೀಲಿ ನೋಟ ಇಟ್ರೆ, ಮೇಲ್ಗಡೆ ಬರುತ್ತೆ.”

ಏನು ಬರುತ್ತದೆ ಎಂದು ಕೇಳಿದೆ. ಅವರ ಹೆಂಡತಿ ಲೋಟಗಳನ್ನು ಹಿಡಿದು ಬಂದವರು ಮೇಜಿಗೆ ಇಡದೆ ನಿಂತರು.

“ಕೂದ್ಲು. ಸಾಲು ಸಾಲು, ನೀವು ಹೇಳಿದ ಹಂಗೇ.” ನಾಣ್ಯವನ್ನು ಇನ್ನಷ್ಟು ವಾಲಿಸಿ, “ಹಣೆ ಹತ್ರ ಎದ್ದಿದೆ. ಕೂತಿಲ್ಲ ಅಲ್ಲಿ,” ಎಂದರು.

ನಾನು ಇದುವರೆಗೆ ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿ ನೋಡಿದೆ. ಕೂದಲಿನ ಸಾಲು ಹೇಳಿದ್ದೆ, ಕತ್ತು, ಕಿವಿ, ಅಕ್ಷರ ಹೇಳಿದ್ದೆ. ಹಣೆಯ ವಿಷಯ ಹೇಳಿರಲಿಲ್ಲ, ಅಲ್ಲಿ ಏನಾದರೂ ಇದೆಯೆಂದು ನನಗೆ ಅನ್ನಿಸಿಯೇ ಇರಲಿಲ್ಲ. ನಾಣ್ಯ ಕೊಡಿ ಎಂದು ಕೈ ಚಾಚಿದೆ. ಕೊಟ್ಟರು. ನನ್ನ ಭೂತಗನ್ನಡಿ ಹಿಡಿದು ಕಿಟಕಿಗೆ ತಿರುಗಿದೆ. ಹಣೆಯೂ ಕೂದಲೂ ಸೇರುವಲ್ಲಿ, ಮೊದಲ ಅಲೆಯ ಕೆಳಗೆ, ಕೂದಲೆಳೆಯಷ್ಟು ನೆರಳು. ಕೂದಲಿನ ಅಂಚು, ಸರಿಯಾಗಿ ಕೂರದ ವಿಗ್ಗಿನಂತೆ, ಚರ್ಮದಿಂದ ಸ್ವಲ್ಪ ಮೇಲೆ ನಿಂತಿತ್ತು. ಅಚ್ಚು ಕೆತ್ತಿದವನು ಅದನ್ನು ಕಂಡೇ ಕೆತ್ತಿದನೋ, ಸುಮ್ಮನೆ ಹಾಗೆ ಆಯಿತೋ ತಿಳಿಯದು. ಇರುವುದಂತೂ ಇತ್ತು.

ಇದೆ ಎಂದೆ.

ನಾಣ್ಯ ಅಸಲಿಯೇ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಮುಂಬೈಗೆ ಕಳಿಸಲು ಅವರು ಒಪ್ಪಲಿಲ್ಲ. ಆ ಬೆಳಿಗ್ಗೆ ಅವರು ಅದನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದು, ಗುಳಿಗಳ ಮೇಲೆ ಬೆರಳಾಡಿಸಿದರು. ಗಾಲ್ಬಾ, ಖಾಲಿ, ವಿಟೆಲಿಯಸ್, ವೆಸ್ಪಾಸಿಯನ್. ಖಾಲಿ ಇದ್ದಲ್ಲಿ ಓಥೋನನ್ನು ಮುಖ ಮೇಲೆ ಮಾಡಿ ಕೂರಿಸಿದರು.

“ಫಿಟ್ಟಿಂಗ್ ಹೆಂಗಿದೆ?” ಎಂದು ಅವರ ಹೆಂಡತಿ ಕೇಳಿದರು.

“ನಮ್ ಹತ್ರ ಬಂದಿದ್ರೆ ವಾಪಸ್ ಕಳಿಸ್ತಿದ್ದೆ,” ಎಂದು ಅವರು ಕಾಫಿಗೆ ಕೈ ಚಾಚಿದರು. ಲೋಟ ಇದ್ದದ್ದು ಅವರ ನೇರ ಎದುರಿಗೆ. ಅವರ ಹೆಂಡತಿ ಅದನ್ನು ಒಂದು ಗೇಣು ಬಲಕ್ಕೆ ಸರಿಸಿದರು.